ಹಳೆಯ ಜೂಮ್ ಲೆನ್ಸನ್ನು ಅಳೆಯುವುದು ಹೇಗೆ?

ಹಳೆಯ ಟೆಲಿಫೋಟೊ ಜೂಮ್ ಲೆನ್ಸ್ ಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವುದೇ ಒಂದಕ್ಕೊಂದು ತಾಳೆಯಾಗದ ಅಭಿಪ್ರಾಯಗಳು. ಮಿನೋಲ್ಟಾ ಕಂಪನಿಯ 70-210 ಮಿ.ಮೀ. ಎಫ್/4 ಲೆನ್ಸನ್ನೇ ನೋಡಿ. ಆಟೊಫೋಕಸ್ ಯುಗಕ್ಕೆ ನಾಂದಿ ಹಾಡಿದ ಮ್ಯಾಕ್ಸಮ್ 7000 ಕ್ಯಾಮೆರಾದ ಜೊತೆಗೆ 1985ರಲ್ಲಿ ಬಂದ ಲೆನ್ಸ್ ಇದು. ಲೋಹದ ನೇರ ಕೊಳವೆಯಂಥ ಆಕಾರದಿಂದಾಗಿ ಛಾಯಾಗ್ರಾಹಕರು ಇದನ್ನು ‘ಬಿಯರ್‌ಕ್ಯಾನ್’ ಎಂದೇ ಕರೆಯುತ್ತಾರೆ. ಒಳಗೆ 9 ಗುಂಪುಗಳಲ್ಲಿ 12 ಗಾಜುಗಳು, ತೂಕ ಸುಮಾರು 700 ಗ್ರಾಂ, ಜೂಮ್‌ನ ಉದ್ದಕ್ಕೂ ಬದಲಾಗದ ಎಫ್/4 ಅಪರ್ಚರ್. 2006ರಲ್ಲಿ ಮಿನೋಲ್ಟಾದ ಕ್ಯಾಮೆರಾ ತಂತ್ರಜ್ಞಾನ ಸೋನಿಯ ಕೈಸೇರಿತು. ಸೋನಿ ಹಳೆಯ ಮೌಂಟನ್ನೇ ಉಳಿಸಿಕೊಂಡು ಆಲ್ಫಾ 100 ಕ್ಯಾಮೆರಾ ತಂದದ್ದರಿಂದ, ಫಿಲ್ಮ್ ಕಾಲದ ಈ ಲೆನ್ಸ್ ಡಿಜಿಟಲ್ ಕ್ಯಾಮೆರಾಕ್ಕೂ ಸಲೀಸಾಗಿ ಕೂತಿತು. ಅಂದಿನಿಂದ ಇದರ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ: ಬೆಲೆಗೆ ಮೀರಿದ ಲೆನ್ಸ್ ಎಂದು ಕೆಲವರು, ಮಂದ ಚಿತ್ರಕ್ಕೆ ಬಣ್ಣದ ಅಂಚು ಕೊಡುವ ಲೆನ್ಸ್ ಎಂದು ಇನ್ನು ಕೆಲವರು. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿರಬಹುದು. ಏಕೆಂದರೆ ದಶಕಗಳಷ್ಟು ಹಳೆಯದಾದ ಮೇಲೆ ಒಂದು ಮಾದರಿಯ ಬಗ್ಗೆ ಒಂದೇ ತೀರ್ಪು ಸಾಧ್ಯವಿಲ್ಲ. ನಾವು ಅಳೆಯಬಹುದಾದದ್ದು ನಮ್ಮ ಕೈಯಲ್ಲಿರುವ ಆ ಒಂದು ಲೆನ್ಸನ್ನು, ಅದೂ ನಮ್ಮ ಕ್ಯಾಮೆರಾದ ಮೇಲೆ, ನಮ್ಮ ಕೆಲಸಕ್ಕೆ.

ಕಾರ್ಖಾನೆಯಿಂದ ಒಂದೇ ದಿನ ಹೊರಬಿದ್ದ ಎರಡು ಲೆನ್ಸುಗಳೂ ಇಷ್ಟು ವರ್ಷದಲ್ಲಿ ಬೇರೆಬೇರೆ ಬದುಕು ಕಂಡಿರುತ್ತವೆ. ಒಂದು ಕಪಾಟಿನಲ್ಲಿ ಒಣಗಿ ಕೂತಿರಬಹುದು. ಇನ್ನೊಂದು ಕೆಳಗೆ ಬಿದ್ದು, ಒಳಗಿನ ಗಾಜಿನ ಗುಂಪೊಂದು ಕೂದಲೆಳೆಯಷ್ಟು ವಾಲಿರಬಹುದು. ಜೂಮ್ ಲೆನ್ಸಿನಲ್ಲಿ ಚಲಿಸುವ ಗುಂಪುಗಳು ಹೆಚ್ಚು, ಹಾಗಾಗಿ ಸಡಿಲಾಗುವ ಜಾಗಗಳೂ ಹೆಚ್ಚು. ತೇವ ಇನ್ನೊಂದು ಶತ್ರು. ಮಲೆನಾಡಿನ, ಕರಾವಳಿಯ ಮಳೆಗಾಲ ಕಳೆದ ಲೆನ್ಸಿನೊಳಗೆ ಬೂಷ್ಟು ಬೇರುಬಿಟ್ಟಿರುವುದು ಅಪರೂಪವಲ್ಲ. ಆದ್ದರಿಂದ ಚಿತ್ರ ತೆಗೆಯುವ ಮೊದಲೇ ಟಾರ್ಚ್ ಬೇಕು. ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಬೇಕು. ಜೇಡರ ಎಳೆಯಂತೆ ಕವಲೊಡೆದಿದ್ದರೆ ಬೂಷ್ಟು. ಉಸಿರು ತಾಗಿದ ಹಾಗೆ ಇಡೀ ಗಾಜು ಮಸುಕಾಗಿದ್ದರೆ ಒಳಗಿನ ಗ್ರೀಸಿನ ಆವಿ ಕಟ್ಟಿದ ಪೊರೆ. ನಾಲ್ಕಾರು ದೂಳಿನ ಕಣ ಕಂಡು ಹೆದರಬೇಕಿಲ್ಲ, ಅವು ಚಿತ್ರದಲ್ಲಿ ಕಾಣವು. ಮಸುಕು ಪೊರೆ ಹಾಗಲ್ಲ. ಅದು ಬೆಳಕನ್ನು ಚದುರಿಸಿ ಕಪ್ಪನ್ನು ಬೂದುಬಣ್ಣವಾಗಿಸುತ್ತದೆ. ‘ಹಳೆಯ ಲೆನ್ಸುಗಳ ಕಾಂಟ್ರಾಸ್ಟ್ ಕಡಿಮೆ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ವಿನ್ಯಾಸದ ಕೊರತೆಯಲ್ಲ, ಒರೆಸಬಹುದಾದ ಈ ಪೊರೆ.

ಗಾಜು ಚೊಕ್ಕವಾಗಿದೆ ಎಂದಾದ ಮೇಲೆ ಚಿತ್ರದ ಪರೀಕ್ಷೆ. ಇಲ್ಲಿ ಗುರಿ ಒಂದೇ: ಲೆನ್ಸಿನದಲ್ಲದ ತಪ್ಪುಗಳನ್ನೆಲ್ಲ ಮೊದಲು ದೂರ ಮಾಡುವುದು. 210 ಮಿ.ಮೀ.ನಲ್ಲಿ ಕೈಯ ಸಣ್ಣ ನಡುಕವೂ ದೊಡ್ಡದಾಗುತ್ತದೆ. ಆದ್ದರಿಂದ ಗಟ್ಟಿ ಟ್ರೈಪಾಡ್, ಟೈಮರ್, ಕನ್ನಡಿಯಿರುವ ಕ್ಯಾಮೆರಾ ಆದರೆ ಕನ್ನಡಿಯನ್ನು ಮುಂಚೆಯೇ ಎತ್ತಿಡುವ ವ್ಯವಸ್ಥೆ ಬೇಕು. ಟ್ರೈಪಾಡ್ ಮೇಲಿರುವಾಗ ನಡುಕ ನಿವಾರಣೆಯನ್ನು ನಿಲ್ಲಿಸಬೇಕು. ಆಟೊಫೋಕಸನ್ನು ನಂಬದೆ, ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿ ಕೈಯಿಂದಲೇ ಫೋಕಸ್ ಮಾಡಬೇಕು. ಇಟ್ಟಿಗೆಯ ಗೋಡೆ ಸಾಕು, ಆದರೆ ಕ್ಯಾಮೆರಾ ಗೋಡೆಗೆ ನೆಟ್ಟಗೆ ಎದುರಾಗಿರಬೇಕು. ಅದಕ್ಕೊಂದು ಸುಲಭ ಉಪಾಯವಿದೆ. ಗೋಡೆಗೆ ಒಂದು ಚಿಕ್ಕ ಕನ್ನಡಿಯನ್ನು ಒತ್ತಿ ಅಂಟಿಸಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ಸರಿಯಾದ ನಡುವಿಗೆ ಬಂದರೆ ಕ್ಯಾಮೆರಾ ನೇರವಾಗಿದೆ ಎಂದರ್ಥ. ಬಳಿಕ 70, 100, 135, 210 ಮಿ.ಮೀ.ಗಳಲ್ಲಿ, ಪ್ರತಿಯೊಂದಕ್ಕೂ ಎಫ್/4, 5.6, 8, 11ರಲ್ಲಿ ಚಿತ್ರ ತೆಗೆಯಬೇಕು. ಗೋಡೆಯಲ್ಲಿ ಗೆದ್ದ ಲೆನ್ಸ್ ದೂರದಲ್ಲಿ ಸೋಲಬಹುದು, ಆದ್ದರಿಂದ ದೂರದ ಕಟ್ಟಡವೊಂದನ್ನೂ ತೆಗೆಯಬೇಕು. ಅದಕ್ಕೆ ಬೆಳಗಿನ ತಂಪು ಹೊತ್ತೇ ಸರಿ. ನಡುಹಗಲಿನ ಬಿಸಿಗಾಳಿಯ ಅಲುಗಾಟಕ್ಕೆ ಎಷ್ಟು ದುಬಾರಿ ಲೆನ್ಸಾದರೂ ಮಂದ ಚಿತ್ರವನ್ನೇ ಕೊಡುತ್ತದೆ.

ಹೀಗೆ ತೆಗೆದ ಚಿತ್ರಗಳನ್ನು ಓದುವುದರಲ್ಲೇ ನಿಜವಾದ ಜಾಣ್ಮೆ. ನಾಲ್ಕೂ ಮೂಲೆಗಳು ಒಂದೇ ಸಮ ಮಂದವಾಗಿದ್ದು, ಎಫ್/8ಕ್ಕೆ ಬಂದಾಗ ಚುರುಕಾದರೆ ಅದು ವಿನ್ಯಾಸದ ಮಿತಿ. ಮೂಲೆಗೆ ಹೊಸದಾಗಿ ಫೋಕಸ್ ಮಾಡಿದಾಗ ಮೂಲೆ ಸ್ಪಷ್ಟವಾಗಿ ನಡುಭಾಗ ಮಂಕಾದರೆ, ಲೆನ್ಸಿನ ಫೋಕಸ್ ತಲವೇ ಬಾಗಿದೆ. ಚಪ್ಪಟೆ ಗೋಡೆಗೆ ಅದು ದೋಷ, ಒಂಟಿ ಹಕ್ಕಿಯ ಚಿತ್ರಕ್ಕೆ ಲೆಕ್ಕಕ್ಕಿಲ್ಲ. ಒಂದು ಬದಿ ಮಾತ್ರ ಮಂದವಾಗಿದ್ದರೆ ಗಾಜು ವಾಲಿರುವ ಅನುಮಾನ. ಆಗ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಅದೇ ಗೋಡೆಯನ್ನು ಮತ್ತೆ ತೆಗೆಯಿರಿ. ಗೋಡೆಯ ಅದೇ ಭಾಗ ಮಂದವಾಗಿಯೇ ಉಳಿದರೆ ತಪ್ಪು ನಿಲ್ಲಿಸಿದ ಕೋನದ್ದು. ಮಂಕು ಗೋಡೆಯ ಇನ್ನೊಂದು ಬದಿಗೆ ಜಿಗಿದರೆ ಅದು ಕ್ಯಾಮೆರಾದೊಡನೆ ತಿರುಗಿದೆ, ಅಂದರೆ ತಪ್ಪು ಲೆನ್ಸಿನದು ಅಥವಾ ಮೌಂಟಿನದು. ಬಣ್ಣದ ಅಂಚುಗಳಲ್ಲೂ ಎರಡು ಬಗೆ. ಚೌಕಟ್ಟಿನ ಅಂಚಿಗೆ ಹೋದಂತೆ ಹೆಚ್ಚುವ ಕೆಂಪು-ಹಸಿರು ಗೆರೆ ಅಪರ್ಚರ್ ಕಿರಿದಾಗಿಸಿದರೂ ಹೋಗದು, ಆದರೆ ಸಾಫ್ಟ್‌ವೇರಿನಲ್ಲಿ ಸುಲಭವಾಗಿ ಅಳಿಯುತ್ತದೆ. ನಡುಭಾಗದಲ್ಲೂ ಕಾಣುವ, ಫೋಕಸಿನ ಮುಂದೆ ನೇರಳೆಯಾಗಿ ಹಿಂದೆ ಹಸಿರಾಗಿ ತೋರುವ ಅಂಚಿನ ಸ್ವಭಾವ ತದ್ವಿರುದ್ಧ: ಸಾಫ್ಟ್‌ವೇರಿಗೆ ಕಷ್ಟ, ಎರಡು ಸ್ಟಾಪ್ ಕಿರಿದಾಗಿಸಿದರೆ ಬಹುಪಾಲು ಮಾಯ. ಬಿಯರ್‌ಕ್ಯಾನ್ ಮೇಲೆ ಹೆಚ್ಚಾಗಿ ಕೇಳಿಬರುವ ದೂರು ಪೂರ್ತಿ ತೆರೆದ ಅಪರ್ಚರಿನ ಬಣ್ಣದ ಅಂಚಿನದೇ. ಅದು ಯಾವ ಬಗೆಯದೆಂದು ಗುರುತಿಸಿದರೆ ಅರ್ಧ ಮದ್ದು ಸಿಕ್ಕಂತೆ. ಹಾಗೆಂದು ಕಿರಿದಾಗಿಸುತ್ತಲೇ ಹೋಗುವಂತಿಲ್ಲ. ಎಫ್/22ರಲ್ಲಿ ಬೆಳಕಿನ ಒಂದು ಬಿಂದು ಸುಮಾರು 30 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. ಅದು ಭೌತಶಾಸ್ತ್ರದ ಕಟ್ಟಳೆ, ಹಳೆಯ ಲೆನ್ಸಿಗೂ ಹೊಸದಕ್ಕೂ ಒಂದೇ.

ತೀರ್ಪು ಕ್ಯಾಮೆರಾದ ಮೇಲೂ ನಿಂತಿದೆ. 24 ಮೆಗಾಪಿಕ್ಸೆಲಿನ ಫುಲ್‌ಫ್ರೇಮ್ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್. ಅಷ್ಟೇ ಮೆಗಾಪಿಕ್ಸೆಲಿನ ಎಪಿಎಸ್-ಸಿ ಸೆನ್ಸರಿನಲ್ಲಿ ಸುಮಾರು 3.9 ಮೈಕ್ರಾನ್. ಚಿಕ್ಕ ಸೆನ್ಸರಿನ ಮೂಲೆ ನಡುಬಿಂದುವಿನಿಂದ 14 ಮಿ.ಮೀ.ನಷ್ಟೇ ದೂರ, ದೊಡ್ಡದರ ಮೂಲೆ 21 ಮಿ.ಮೀ.ಗಿಂತ ಆಚೆ. ಹೀಗಾಗಿ ಚಿಕ್ಕ ಸೆನ್ಸರ್ ಲೆನ್ಸಿನ ದುರ್ಬಲ ಅಂಚನ್ನು ಹೊರಗೇ ಬಿಡುತ್ತದೆ, ಆದರೆ ನಡುಭಾಗವನ್ನು ಹೆಚ್ಚು ಕಟುವಾಗಿ ಹಿಂಡಿ ನೋಡುತ್ತದೆ. ಒಂದೇ ಲೆನ್ಸಿಗೆ ಎರಡು ಕ್ಯಾಮೆರಾಗಳಲ್ಲಿ ಎರಡು ಫಲಿತಾಂಶ ಬರುವುದು ಸಹಜ. ನೋಡುವ ಗಾತ್ರವೂ ಮುಖ್ಯ. 6000 ಪಿಕ್ಸೆಲ್ ಅಗಲದ ಚಿತ್ರವನ್ನು ಸಾಮಾನ್ಯ ಮಾನಿಟರಿನಲ್ಲಿ ನೂರಕ್ಕೆ ನೂರು ಹಿಗ್ಗಿಸುವುದೆಂದರೆ ಐದಡಿಗೂ ಮಿಕ್ಕಿದ ಪ್ರಿಂಟಿಗೆ ಮೂಗು ತಾಗಿಸಿ ನೋಡಿದ ಹಾಗೆ. ಎ4 ಹಾಳೆಯ ಒಳ್ಳೆಯ ಪ್ರಿಂಟಿಗೆ ಸುಮಾರು 3500 ಪಿಕ್ಸೆಲ್ ಅಗಲ ಸಾಕು. ದೋಷದ ಕಾರಣ ಹುಡುಕಲು ಹಿಗ್ಗಿಸಿ ನೋಡಲೇಬೇಕು; ಲೆನ್ಸ್ ಸಾಕೋ ಸಾಲದೋ ಎಂದು ತೀರ್ಮಾನಿಸಲು ಮಾತ್ರ ಬಳಸುವ ಗಾತ್ರದಲ್ಲೇ ನೋಡಬೇಕು.

ಗೋಡೆಯ ಚಿತ್ರದಿಂದ ಏನು ತಿಳಿದೀತು, ಲೆನ್ಸಿನ ಸೊಗಸು ಅಳತೆಗೆ ಸಿಗುತ್ತದೆಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಹಿನ್ನೆಲೆ ಕರಗುವ ರೀತಿ ಇಟ್ಟಿಗೆಯಲ್ಲಿ ಕಾಣದು. ಎಲೆಗಳ ನಡುವಿನ ಬೆಳಕಿನ ಚುಕ್ಕಿಗಳೆದುರು, ಸೂರ್ಯನಿಗೆದುರಾಗಿ ಬೇರೆಯೇ ಚಿತ್ರಗಳನ್ನು ತೆಗೆಯಬೇಕು. ಆದರೆ ಸೊಗಸಿನ ಹೆಸರಿನಲ್ಲಿ ಬೂಷ್ಟಿನ ಮಸುಕನ್ನೂ ವಾಲಿದ ಗಾಜನ್ನೂ ಒಪ್ಪಿಕೊಳ್ಳುವುದು ಲೆನ್ಸ್ ರೂಪಿಸಿದವರಿಗೆ ಮಾಡುವ ಅನ್ಯಾಯ, ಅವರು ಅದನ್ನು ಹಾಗೆ ರೂಪಿಸಿರಲಿಲ್ಲ. ಇಷ್ಟೆಲ್ಲ ಕಷ್ಟಪಡುವ ಬದಲು ಹೊಸ ಲೆನ್ಸನ್ನೇ ಕೊಳ್ಳಬಾರದೇ ಎಂಬುದು ಇನ್ನೊಂದು ಆಕ್ಷೇಪ. ದುಡ್ಡಿದ್ದವರು ಕೊಳ್ಳಲಿ, ಇಂದಿನ ಗಾಜು, ಲೇಪನ, ಫೋಕಸ್ ವೇಗ ಮೇಲು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಛಾಯಾಗ್ರಹಣ ಕಲಿಯುತ್ತಿರುವ ವಿದ್ಯಾರ್ಥಿಗೆ, ಸಣ್ಣ ಸಂಬಳದ ಹವ್ಯಾಸಿಗೆ, ಜೂಮ್ ಪೂರ್ತಿ ಎಫ್/4 ಕೊಡುವ ಲೆನ್ಸ್ ಕೈಗೆಟಕುವುದು ಹಳೆಯ ಮಾಲಿನಲ್ಲೇ. ಹಾಳಾದ ಲೆನ್ಸನ್ನು ಹೊಗಳಿಕೆ ಕೇಳಿ ಕೊಂಡು, ಕೆಟ್ಟ ಚಿತ್ರಗಳಿಗೆ ತನ್ನ ಕೈಯನ್ನೇ ದೂರಿಕೊಳ್ಳುವ ಅಪಾಯ ಹೆಚ್ಚಿರುವುದೂ ಅವರಿಗೇ. ಒಂದು ಬೆಳಗಿನ ಪರೀಕ್ಷೆಯಿಂದ ಆ ನಷ್ಟ ತಪ್ಪುತ್ತದೆ. ಅದರಿಂದ ಹೊರಬರಬೇಕಾದ ತೀರ್ಪು ಒಳ್ಳೆಯದು, ಕೆಟ್ಟದ್ದು ಎಂಬ ಒಂದು ಪದದ್ದಲ್ಲ. ‘135 ಮಿ.ಮೀ.ವರೆಗೆ ಎಫ್/4ರಲ್ಲೇ ನಂಬಬಹುದು, 210ರಲ್ಲಿ ಎಫ್/8 ಬೇಕು, ಎದುರು ಬಿಸಿಲಿಗೆ ಹುಡ್ ಕಡ್ಡಾಯ’ ಎಂಬಂಥ ನಿಖರ ಮಾತು ಅದು. ಅಷ್ಟು ತಿಳಿದವರ ಕೈಯಲ್ಲಿ ಸಾಧಾರಣ ಲೆನ್ಸೂ ತನ್ನ ಶಕ್ತಿಯಷ್ಟನ್ನೂ ಕೊಡುತ್ತದೆ.