ಬೋರ್ ಮಾಡಿಸಿದ ಲಾರಿ ಇಂಜಿನ್‌ಗೆ ‘ಪಂಪ್ ಎರಡು ಸುತ್ತು’ ಕೊಟ್ಟರೆ ಪವರ್ ಹೆಚ್ಚುತ್ತದೆಯೇ?

ಭತ್ತದ ಕಟಾವು ಶುರುವಾದರೆ ಗೊರೇಬಾಳ, ಸಿಂಧನೂರು, ಮಸ್ಕಿ ಭಾಗದ ಲಾರಿಗಳಿಗೆ ಪುರುಸೊತ್ತೇ ಇರುವುದಿಲ್ಲ. ಗದ್ದೆಯಿಂದ ಮಿಲ್ಲಿಗೆ, ಮಿಲ್ಲಿನಿಂದ ಊರೂರಿಗೆ ಓಡಾಟ. ಹಾಗಾಗಿ ಸೀಸನ್ನಿಗೆ ಮೊದಲೇ ಇಂಜಿನ್ ಕೆಲಸ ಮುಗಿಸಿಕೊಳ್ಳುವವರು ಬಹಳ. ಹೀಗೆ ತಮ್ಮ ಹಳೆಯ ಹತ್ತು ಚಕ್ರದ ಗಾಡಿಗೆ ಲೈನರ್, ಪಿಸ್ಟನ್, ರಿಂಗ್ ಎಲ್ಲ ಹೊಸದಾಗಿ ಹಾಕಿಸಿದ ಗೊರೇಬಾಳದ ಓದುಗರೊಬ್ಬರು ನಮಗೊಂದು ಫಾರ್ವರ್ಡ್ ಕಳುಹಿಸಿ, ‘ಇದು ಖರೇನಾ ನೋಡಿ ಹೇಳ್ರಿ’ ಎಂದು ಕೇಳಿದ್ದಾರೆ.

ಫಾರ್ವರ್ಡ್‌ನಲ್ಲಿ ಇರುವುದು ಇಷ್ಟು: ‘ಬೋರ್ ಆದ ಇಂಜಿನ್‌ಗೆ ಡೀಸೆಲ್ ಪಂಪಿನ ಸ್ಕ್ರೂ ಎರಡು ಸುತ್ತು ಟೈಟ್ ಮಾಡಿಸಿ. ಪವರ್ 30% ಜಾಸ್ತಿ, ಮೈಲೇಜೂ ಜಾಸ್ತಿ. ಕಂಪನಿಯವರು ಇದನ್ನು ಯಾರಿಗೂ ಹೇಳುವುದಿಲ್ಲ.’ ಜೊತೆಗೆ, ಕಪ್ಪು ಹೊಗೆ ಉಗುಳುತ್ತಾ ಭಾರ ಎಳೆಯುವ ವಿದೇಶಿ ಲಾರಿಯೊಂದರ ವಿಡಿಯೊ.

ಇದರಲ್ಲಿ ಅರ್ಧ ನಿಜವಿದೆ. ಪವರ್ ಸ್ವಲ್ಪ ಹೆಚ್ಚುವುದು ಸುಳ್ಳಲ್ಲ. ಮೈಲೇಜ್ ಹೆಚ್ಚುತ್ತದೆ ಎಂಬುದು ಸುಳ್ಳು. ಸ್ಕ್ರೂ ತಿರುಗಿಸಿದ ಮೇಲೆ ಇಂಜಿನ್ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಫಾರ್ವರ್ಡ್ ಹೇಳುವುದೇ ಇಲ್ಲ. ಲಕ್ಷಗಟ್ಟಲೆ ಹಣ ನಿಂತಿರುವುದು ಅಲ್ಲೇ.

ಸ್ಕ್ರೂ ಮಾಡುವ ಕೆಲಸವೇನು?

ಹಳೆಯ ಡೀಸೆಲ್ ಇಂಜಿನ್ ಪ್ರತಿ ಸಲವೂ ತನ್ನಿಂದ ಆದಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ನೀವು ಎಕ್ಸಲೇಟರ್ ತುಳಿದಾಗ ಬದಲಾಗುವುದು ಡೀಸೆಲ್ ಪ್ರಮಾಣ ಮಾತ್ರ. ಪೂರ್ತಿ ತುಳಿದಾಗಲೂ ಇಷ್ಟಕ್ಕಿಂತ ಹೆಚ್ಚು ಡೀಸೆಲ್ ಹೋಗಬಾರದು ಎಂದು ಪಂಪಿನೊಳಗೆ ಒಂದು ಮಿತಿ ಇಟ್ಟಿರುತ್ತಾರೆ. ಆ ಸ್ಕ್ರೂ ತಿರುಗಿಸುವುದೆಂದರೆ ಆ ಮಿತಿಯನ್ನು ಮೇಲಕ್ಕೇರಿಸುವುದು. ನಮ್ಮ ಕಡೆ ಇದನ್ನು ‘ಮೈಕೋ ಪಂಪು’ ಎಂದೇ ಕರೆಯುತ್ತಾರೆ. 1951ರಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ಬೆಳೆದ ಮೈಕೋ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು. ಗ್ಯಾರೇಜುಗಳಲ್ಲಿ ಮಾತ್ರ ಹಳೆಯ ಹೆಸರೇ ನಿಂತಿದೆ.

ಈಗ ಲೆಕ್ಕ ನೋಡೋಣ. 1 ಕೆ.ಜಿ. ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕೆ.ಜಿ. ಗಾಳಿ ಬೇಕು. ಇದು ಪುಸ್ತಕದ ಲೆಕ್ಕ. ಸಿಲಿಂಡರಿನೊಳಗೆ ಡೀಸೆಲ್ ಮತ್ತು ಗಾಳಿ ಬೆರೆಯಲು ಸಿಗುವುದು ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಸಮಯ. ಆದ್ದರಿಂದ ಹೊಗೆ ಬಾರದಂತೆ ಓಡಬೇಕಾದರೆ 18ರಿಂದ 20 ಕೆ.ಜಿ. ಅಥವಾ ಅದಕ್ಕಿಂತ ಹೆಚ್ಚು ಗಾಳಿ ಬೇಕಾಗುತ್ತದೆ. ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಿಸಿದರೆ ಸ್ವಲ್ಪ ದೂರದವರೆಗೆ ಪವರ್ ಸಿಗುತ್ತದೆ, ಆಮೇಲೆ ಸಿಗುವುದು ಮಸಿ. ಸೈಲೆನ್ಸರಿನಿಂದ ಬರುವ ಕಪ್ಪು ಹೊಗೆ ಪವರಿನ ಗುರುತು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ನೀವು ಬಂಕಿನಲ್ಲಿ ದುಡ್ಡು ಕೊಟ್ಟು ತಂದು, ಉರಿಸದೆ ಹೊರಗೆ ಬಿಟ್ಟ ಡೀಸೆಲ್.

180 ಎಚ್‌ಪಿ ಇಂಜಿನ್ ಒಂದು ಗಂಟೆ ಪೂರ್ತಿ ಪವರಿನಲ್ಲಿ ದುಡಿದರೆ ಸುಮಾರು 34 ಲೀಟರ್ ಡೀಸೆಲ್ ಬೇಕು. ಅದೇ ದಕ್ಷತೆಯಲ್ಲಿ 30% ಹೆಚ್ಚು ಪವರ್ ಬೇಕಾದರೆ 44 ಲೀಟರ್. ಕಪ್ಪು ಹೊಗೆ ಬಂದರೆ ಇನ್ನೂ ಹೆಚ್ಚು. ಹಾಗಾದರೆ ‘ನಮ್ಮ ಗಾಡಿಗೆ ಮೈಲೇಜ್ ಬಂತಲ್ಲ?’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಹಾಗೇನಿಲ್ಲ. ಸವೆದ ರಿಂಗ್ ಬದಲಾಗಿದೆ, ಕಂಪ್ರೆಷನ್ ಮರಳಿ ಬಂದಿದೆ, ನಾಜಲ್ ಹೊಸದಾಗಿದೆ. ಮೈಲೇಜ್ ತಂದದ್ದು ಇಂಜಿನ್ ಕೆಲಸ, ಹೆಸರು ಹೊತ್ತದ್ದು ಸ್ಕ್ರೂ.

ಇದರ ಜೊತೆಗೇ ಓಡಾಡುವ ಇನ್ನೊಂದು ಮಾತು, ‘ಬೋರ್ ದೊಡ್ಡದಾದರೆ ಪವರೂ ದೊಡ್ಡದು’. ಟಾಟಾ 697 ಇಂಜಿನ್ನಿನ ಸಿಲಿಂಡರ್ ವ್ಯಾಸ 97 ಮಿ.ಮೀ. ಇಂಥ ಇಂಜಿನ್ನಿಗೆ ಅರ್ಧ ಮಿ.ಮೀ. ಬೋರ್ ಕೊರೆದರೂ ಒಳಗಿನ ಜಾಗ ಹೆಚ್ಚುವುದು ಸುಮಾರು 1% ಮಾತ್ರ. ಹೊಸ ಲೈನರ್ ಹಾಕಿಸಿದ್ದರೆ ಅದೂ ಇಲ್ಲ.

ನಮ್ಮ ಬಿಸಿಲಿನ ಲೆಕ್ಕವೇ ಬೇರೆ

ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ಬಿಸಿಯಾದಂತೆ ತೆಳುವಾಗುತ್ತದೆ. 25 ಡಿಗ್ರಿಯಲ್ಲಿ ಸಿಗುವ ಗಾಳಿಗಿಂತ 42 ಡಿಗ್ರಿಯಲ್ಲಿ ಸುಮಾರು 5% ಕಡಿಮೆ ಗಾಳಿ ಸಿಲಿಂಡರಿಗೆ ಹೋಗುತ್ತದೆ. ಕಟಾವಿನ ಧೂಳಿಗೆ ಏರ್ ಫಿಲ್ಟರ್ ಕಟ್ಟಿಕೊಂಡರೆ ಇನ್ನಷ್ಟು ಕಡಿಮೆ. ಡಿಸೆಂಬರಿನ ಮುಂಜಾನೆ ಹೊಗೆಯಿಲ್ಲದೆ ಓಡುವಂತೆ ಕೂರಿಸಿದ ಪಂಪು ಮೇ ತಿಂಗಳ ಮಧ್ಯಾಹ್ನ ಕಪ್ಪಗೆ ಉಗುಳುವುದು ಇದಕ್ಕೇ.

ಹೊಗೆಗಿಂತ ದೊಡ್ಡ ಅಪಾಯ ಶಾಖ. ಉರಿಯುವ ಕ್ಷಣದಲ್ಲಿ ಸಿಲಿಂಡರಿನೊಳಗೆ 2000 ಡಿಗ್ರಿ ಮೀರುವುದು ಸಾಮಾನ್ಯ. ಪಿಸ್ಟನ್ ಹೆಚ್ಚಾಗಿ ಅಲ್ಯುಮಿನಿಯಂ ಮಿಶ್ರಲೋಹದ್ದು, ಶುದ್ಧ ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಪಿಸ್ಟನ್ ಕರಗದೆ ಉಳಿಯುವುದು ಆ ಶಾಖವನ್ನು ಆಯಿಲ್, ರಿಂಗ್ ಮತ್ತು ಲೈನರ್ ಆಚೆಯ ನೀರು ಹೊತ್ತೊಯ್ಯುವುದರಿಂದ. ಡೀಸೆಲ್ ಹೆಚ್ಚಿಸಿದಿರಿ ಎಂದರೆ ಅವುಗಳ ಹೊರೆಯನ್ನೂ ಹೆಚ್ಚಿಸಿದಿರಿ. ನೀರಿನ ಟೆಂಪರೇಚರ್ ಮುಳ್ಳು ಮೇಲೇರುವ ಹೊತ್ತಿಗೆ ಪಿಸ್ಟನ್ನಿನ ತಲೆ, ಟರ್ಬೊ ಎರಡೂ ಕಾದು ಹೋಗಿರಬಹುದು. ಆದ್ದರಿಂದಲೇ ಟ್ಯೂನಿಂಗ್ ಬಲ್ಲವರು ಟರ್ಬೊಗೆ ಮುಂಚೆ, ಸೈಲೆನ್ಸರ್ ಮ್ಯಾನಿಫೋಲ್ಡಿನಲ್ಲಿ ಹೊಗೆಯ ಶಾಖ ಅಳೆಯುವ ಮೀಟರ್ ಕೂರಿಸುತ್ತಾರೆ. ಅಲ್ಲಿ 700 ಡಿಗ್ರಿ ಆಸುಪಾಸಿಗೆ ಬಂದರೆ ಕಾಲು ಸಡಿಲಿಸಬೇಕು ಎಂಬುದು ಅವರು ಸಾಮಾನ್ಯವಾಗಿ ಪಾಲಿಸುವ ಮಿತಿ. ಈ ಮೀಟರ್ ಇಲ್ಲದೆ ‘ಟ್ಯೂನಿಂಗ್ ಮಾಡಿಕೊಡುತ್ತೇನೆ’ ಎನ್ನುವವರ ಕೈಗೆ ಗಾಡಿ ಕೊಡಬೇಡಿ ಎಂಬುದು ನಮ್ಮ ಅಭಿಪ್ರಾಯ.

ಹೊಸ ಬೋರ್ ಮೇಲೆ ಕೂಡಲೇ ಕೈ ಹಾಕಬೇಡಿ

ಹೊಸ ರಿಂಗ್ ಮತ್ತು ಹೊಸ ಲೈನರ್ ಒಂದಕ್ಕೊಂದು ಹೊಂದಿಕೊಳ್ಳಲು ಸಮಯ ಬೇಕು. ಲೈನರಿನ ಒಳಮೈಯಲ್ಲಿ ಸಣ್ಣ ಅಡ್ಡಗೆರೆಗಳಿರುತ್ತವೆ. ರಿಂಗ್ ಅವುಗಳ ಮೇಲೆ ತಿಕ್ಕಿ ತನ್ನ ಜಾಗ ಮಾಡಿಕೊಳ್ಳುತ್ತದೆ. ಅದಕ್ಕೆ ಒಳಗಿನ ಒತ್ತಡ ರಿಂಗನ್ನು ಲೈನರಿಗೆ ಒತ್ತಬೇಕು. ‘ಬೋರ್ ಆದ ಮೇಲೆ ಇಡೀ ರಾತ್ರಿ ಐಡಲಿಂಗ್‌ನಲ್ಲಿ ಬಿಡಿ’ ಎಂಬ ಸಲಹೆ ಇಲ್ಲಿ ಉಲ್ಟಾ ಹೊಡೆಯುತ್ತದೆ. ಐಡಲಿಂಗ್‌ನಲ್ಲಿ ಒತ್ತಡ ಕಡಿಮೆ. ಲೈನರಿನ ಮೈ ಗಾಜಿನಂತೆ ನುಣುಪಾಗಿ, ರಿಂಗ್ ಕೂರುವುದೇ ಇಲ್ಲ. ಆಮೇಲೆ ಗಾಡಿ ಆಯಿಲ್ ಕುಡಿಯುತ್ತಲೇ ಇರುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಟರ್ಬೊಗೂ ಬೇರಿಂಗ್‌ಗಳಿಗೂ ಆಯಿಲ್ ತಲುಪಿದೆಯೇ ನೋಡಿ, ಇಂಜಿನ್ ಬಿಸಿಯಾದ ಮೇಲೆ ಮಧ್ಯಮ ಲೋಡಿನಲ್ಲಿ, ವೇಗ ಬದಲಿಸುತ್ತಾ ಓಡಿಸುವುದು ಸರಿಯಾದ ದಾರಿ. ಎಷ್ಟು ಕಿಲೋಮೀಟರ್ ಎಂಬುದಕ್ಕೆ ಆ ಇಂಜಿನ್ನಿನ ಕೈಪಿಡಿ ನೋಡಬೇಕು. ಅದು ಮುಗಿದು, ಆಯಿಲ್ ಮತ್ತು ಫಿಲ್ಟರ್ ಬದಲಾಗುವವರೆಗೆ ಪಂಪಿನ ತಂಟೆ ಬೇಡ.

ಆಮೇಲೂ ಮೊದಲು ಮಾಡಿಸಬೇಕಾದ್ದು ಟ್ಯೂನಿಂಗ್ ಅಲ್ಲ. ಪಂಪು ಮತ್ತು ನಾಜಲ್ ಎರಡನ್ನೂ ಟೆಸ್ಟ್ ಬೆಂಚಿಗೆ ಹಾಕಿಸಿ, ಎಲ್ಲ ಸಿಲಿಂಡರಿಗೂ ಸಮನಾಗಿ ಡೀಸೆಲ್ ಹೋಗುತ್ತಿದೆಯೇ, ಕಂಪನಿ ಹೇಳಿದಷ್ಟು ಹೋಗುತ್ತಿದೆಯೇ ಎಂದು ನೋಡಬೇಕು. ಸವೆದ ಪಂಪು ಎಷ್ಟೋ ಸಲ ಕೊಡಬೇಕಾದ್ದಕ್ಕಿಂತ ಕಡಿಮೆಯೇ ಕೊಡುತ್ತಿರುತ್ತದೆ. ಅದನ್ನು ಸರಿಪಡಿಸಿದರೆ ‘ಕಳೆದುಹೋದ’ ಪವರ್ ಅಪಾಯವಿಲ್ಲದೆ ವಾಪಸ್ ಬರುತ್ತದೆ, ಬಹಳ ಮಂದಿಗೆ ಅಷ್ಟೇ ಸಾಕು. ಇದರ ಮೇಲೂ ಬೇಕೆನ್ನುವವರು ಮೊದಲು ಗಾಳಿಯ ದಾರಿ ನೋಡಿಕೊಳ್ಳಬೇಕು: ಫಿಲ್ಟರ್, ಟರ್ಬೊ ಹೋಸ್‌ಗಳ ಸೋರಿಕೆ, ಇಂಟರ್‌ಕೂಲರಿನ ಮೇಲೆ ಕೂತ ಧೂಳು. ಡೀಸೆಲ್ ಹೆಚ್ಚಿಸುವುದು ಅದಾದ ಮೇಲೆ. ಅದೂ ಸುತ್ತಿನ ಲೆಕ್ಕದಲ್ಲಿ ಅಲ್ಲ, ಕೂದಲೆಳೆಯ ಲೆಕ್ಕದಲ್ಲಿ. ಪ್ರತಿ ಸಲವೂ ಲೋಡ್ ಹಾಕಿ ಏರು ಹತ್ತಿಸಿ ಮೀಟರ್ ನೋಡಬೇಕು.

ಇಂಥ ಪಂಪಿನಲ್ಲಿ ಇನ್ನೊಂದು ಸ್ಕ್ರೂ ಇದೆ, ಅದು ಇಂಜಿನ್ನಿನ ಗರಿಷ್ಠ ವೇಗದ್ದು. ಅದನ್ನು ಮಾತ್ರ ಮುಟ್ಟಲೇಬೇಡಿ. 2500 ಆರ್‌ಪಿಎಂ ಇಂಜಿನ್ನನ್ನು 2900ಕ್ಕೆ ಓಡಿಸಿದರೆ ವೇಗ ಹೆಚ್ಚುವುದು 16%, ಆದರೆ ಕನೆಕ್ಟಿಂಗ್ ರಾಡ್ ಮತ್ತು ಅದರ ಬೋಲ್ಟುಗಳನ್ನು ಎಳೆಯುವ ಬಲ ಸುಮಾರು 35% ಹೆಚ್ಚುತ್ತದೆ. ರಾಡ್ ಬ್ಲಾಕ್ ಒಡೆದು ಹೊರಬರುವುದು ಹೀಗೆಯೇ.

ಅಂದಹಾಗೆ, ಓಡುತ್ತಿರುವ ಇಂಜಿನ್ನಿನ ಡೀಸೆಲ್ ಪೈಪ್ ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡಬೇಡಿ. ನಾಜಲ್ ಪೈಪಿನ ಒತ್ತಡ ಚರ್ಮ ತೂರಿ ಡೀಸೆಲನ್ನು ಒಳಗೆ ನುಗ್ಗಿಸಬಲ್ಲದು. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು, ತಡಮಾಡಿ ಬೆರಳು ಕಳೆದುಕೊಂಡವರಿದ್ದಾರೆ. ರಟ್ಟಿನ ತುಂಡು ಹಿಡಿದು ನೋಡಿ.

ಆ ವಿಡಿಯೊ, ಮತ್ತು ಕಾನೂನು

ವಿಡಿಯೊದಲ್ಲಿರುವುದು ಭಾರ ಎಳೆಯುವ ಸ್ಪರ್ಧೆ. ಅಲ್ಲಿ ಇಂಜಿನ್ ದುಡಿಯುವುದು ಕೆಲವೇ ಸೆಕೆಂಡು, ಆಮೇಲೆ ಬಿಚ್ಚಿ ನೋಡುತ್ತಾರೆ. ಲಿಂಗಸುಗೂರಿನಿಂದ ಬಳ್ಳಾರಿಯವರೆಗೆ 150ಎ ಹೆದ್ದಾರಿಯಲ್ಲಿ ಲೋಡ್ ಎಳೆಯುವ ಗಾಡಿಗೂ ಅದಕ್ಕೂ ಹೋಲಿಕೆಯಿಲ್ಲ. ಯುರೋಪಿನ ಟ್ರಕ್ ರೇಸುಗಳಲ್ಲಿ 1000 ಎಚ್‌ಪಿ ಮೀರಿದ ಲಾರಿಗಳಿವೆ. ಅವುಗಳಿಗೂ 160 ಕಿ.ಮೀ. ವೇಗಮಿತಿ ಇದೆ, ಬ್ರೇಕ್ ತಣಿಸಲು ನೀರು ಚಿಮ್ಮಿಸುತ್ತಾರೆ. ಪವರ್ ಹೆಚ್ಚಿಸಿದವರು ಬ್ರೇಕನ್ನು ಮರೆಯುವುದಿಲ್ಲ. ನಮ್ಮಲ್ಲಿ ಪವರ್ ಹೆಚ್ಚಾದರೆ ಮೊದಲು ಹೆಚ್ಚುವುದು ಲೋಡ್. ಮೂರು ಆಕ್ಸಲಿನ ಲಾರಿಗೆ 2018ರ ನಿಯಮದಂತೆ ಒಟ್ಟು ತೂಕದ ಮಿತಿ 28.5 ಟನ್. ಮೀರಿದರೆ 20,000 ರೂಪಾಯಿ ದಂಡ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂಥ ಬದಲಾವಣೆಗೆ ಅವಕಾಶ ಕೊಡುವುದಿಲ್ಲ. ಅಪಘಾತವಾದಾಗ ಇನ್ಶೂರೆನ್ಸ್ ಕಂಪನಿ ಎತ್ತುವ ಪ್ರಶ್ನೆಯೂ ಇದೇ ಆಗಬಹುದು. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಂತೂ ತಿರುಗಿಸಲು ಇಂಥ ಸ್ಕ್ರೂ ಇಲ್ಲ, ಕಂಪ್ಯೂಟರ್ ಇದೆ. ‘ಯೂರಿಯಾ ಬಂದ್ ಮಾಡಿಸಿ’ ಎಂಬ ಫಾರ್ವರ್ಡ್ ನಂಬಿದರೆ ಅದು ನೇರವಾಗಿ ಮಾಲಿನ್ಯ ನಿಯಮದ ಉಲ್ಲಂಘನೆ.

ಕೊನೆಗೆ, ಓದುಗರು ಕೇಳದೆ ಇದ್ದರೂ ಹೇಳಬೇಕಾದ ಒಂದು ಸಂಗತಿ. ಇಂಜಿನ್ ಕೆಲಸವಾದ ಮೇಲೆ ಆಯಿಲ್ ಹೆಚ್ಚಾಗಿ ತುಂಬಿದ್ದರೆ, ಅಥವಾ ಟರ್ಬೊ ಸೀಲ್ ಹೋಗಿದ್ದರೆ, ಇಂಜಿನ್ ತನ್ನದೇ ಆಯಿಲನ್ನು ಎಳೆದು ಉರಿಸಲು ಶುರುಮಾಡಬಹುದು. ಆಗ ಕಾಲು ತೆಗೆದರೂ ವೇಗ ಏರುತ್ತಲೇ ಹೋಗುತ್ತದೆ, ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಗಾಡಿ ನಿಂತಿದ್ದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ಇಂಜಿನ್ ಕಟ್ಟಿಹಾಕಲು ನೋಡಬಹುದು. ಗ್ಯಾರೇಜಿನಲ್ಲಾದರೆ ಗಾಳಿ ಹೋಗುವ ಬಾಯಿಯನ್ನು ಗಟ್ಟಿ ಹಲಗೆಯಿಂದ ಮುಚ್ಚಬೇಕು. ಕೈ ಅಥವಾ ಬಟ್ಟೆ ಅಡ್ಡ ಇಡಬೇಡಿ, ಎಳೆದುಕೊಂಡುಬಿಡುತ್ತದೆ. ಎರಡೂ ಆಗದಿದ್ದರೆ ಇಂಜಿನ್ ಹೋದರೆ ಹೋಗಲಿ, ಎಲ್ಲರೂ ದೂರ ಸರಿಯಿರಿ. ಮೊದಲ ಸ್ಟಾರ್ಟಿನ ದಿನ ಮೇಸ್ತ್ರಿಯ ಕೈಯಳತೆಯಲ್ಲಿ ಅಂಥದೊಂದು ಹಲಗೆ ಇದೆಯೇ ಎಂದು ಕೇಳಿ ನೋಡಿ.