ಶ್ಯಾವಿಗೆಯ ಗೋಧಿಯೂ ಇಟಲಿ ದೇಶದ ಪಾಸ್ತವೂ

ರಾಯಚೂರು ನಗರದ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿ ಮಾರುವ ಇಟಲಿ ದೇಶದ ಪಾಸ್ತವನ್ನು ದೇವದುರ್ಗ, ಮಾನ್ವಿ ಪ್ರಾಂತದ ಗೃಹಸ್ಥರು ಪರದೇಶದ ವಿಲಕ್ಷಣ ತಿನಿಸೆಂದೆಣಿಸುವುದು ಸಹಜವೇ. ಆದರೆ ಪರೀಕ್ಷಿಸಿ ನೋಡಿದಲ್ಲಿ ಅದು ನಮ್ಮ ಮನೆಗಳಲ್ಲಿ ಬೇಸಗೆಯ ದಿನ ಹೊಸೆದು ಒಣಗಿಸುವ ಶ್ಯಾವಿಗೆಯ ಒಡಹುಟ್ಟೇ ಆಗಿದೆ. ಎರಡರ ಗುಣವೂ ಗಟ್ಟಿಗೋಧಿಯಿಂದ ಬಂದುದು. ಆ ಗೋಧಿ ನಮ್ಮ ಎರೆಭೂಮಿಯಲ್ಲಿ ವಿರಳವಾಗುತ್ತಿರುವುದರಿಂದ ಗ್ರಾಮಪ್ರಮುಖರೂ ಭೂಮಾಲೀಕರೂ ಈ ವಿಷಯವನ್ನು ಲಕ್ಷ್ಯಕ್ಕೆ ತಂದುಕೊಳ್ಳತಕ್ಕದ್ದು.

ಪೇಟೆಯ ಮೈದಾ ಹಿಟ್ಟು ಮೆದುಗೋಧಿಯದು. ಅದರ ಕಣಕವು ಹಿಗ್ಗಿ ಉಬ್ಬುವುದರಿಂದ ಬ್ರೆಡ್ಡಿಗೆ ಶ್ರೇಷ್ಠ. ಬನ್ಸಿ ರವೆ ಗಟ್ಟಿಗೋಧಿಯದು. ಇದರ ಕಾಳು ಗಾಜಿನಂತೆ ಹೊಳೆಯುವ ಹಳದಿ ಬಣ್ಣದ್ದು. ಕಣಕವು ಹೆಚ್ಚು ಹಿಗ್ಗದಿದ್ದರೂ ಎಳೆದ ಎಳೆಯ ಆಕಾರವನ್ನು ಬಿಡದು, ಕುದಿನೀರಿನಲ್ಲಿ ಕರಗಿ ಮುದ್ದೆಯಾಗದು. ಸಿಪ್ಪೆ ಅಂಟಿರುವ ಸದಕ ಅಥವಾ ಜವೆಗೋಧಿಯೂ ಇದರ ಹತ್ತಿರದ ಬಂಧು. ಶ್ಯಾವಿಗೆಯನ್ನು ಬಸಿದು ಬೆಲ್ಲ, ತುಪ್ಪ, ಹಾಲು ಬೆರೆಸಿದಾಗ ಎಳೆ ಎಳೆಯಾಗಿ ನಿಲ್ಲುವುದೂ ಮುದ್ದೆಗಟ್ಟುವುದೂ ಹೆಚ್ಚಾಗಿ ಗೋಧಿಯ ಜಾತಿಯನ್ನವಲಂಬಿಸಿದೆ. ಮಾಡುವವರ ಕೈಯನ್ನು ದೂರುವುದು ಅನೇಕ ವೇಳೆ ಅನ್ಯಾಯ.

ಇಟಲಿಯಲ್ಲಿಯೂ ಸೀಮೆಗೊಂದು ಭಕ್ಷ್ಯವಿರುವುದಕ್ಕೆ ನೆಲವೇ ಕಾರಣ. ಉತ್ತರದಲ್ಲಿ ಪೋ ನದಿಯ ಬಯಲು ಮೆದುಗೋಧಿಯ ಸೀಮೆ. ಅಲ್ಲಿನ ಬೊಲೋನ್ಯಾದವರು ಆ ಹಿಟ್ಟಿಗೆ ಕೋಳಿಮೊಟ್ಟೆ ಸೇರಿಸಿ ಲಟ್ಟಿಸಿ, ತಾಲ್ಯಾತೆಲ್ಲೆ ಎಂಬ ಪಟ್ಟಿಗಳನ್ನು ಕತ್ತರಿಸುತ್ತಾರೆ. ದಕ್ಷಿಣದ ಪೂಲ್ಯಾ ಸೀಮೆಯು ನಮ್ಮಂತೆ ಬಿಸಿಲಿನದು, ಮಳೆ ಕಡಿಮೆ. ಅಲ್ಲಿ ಗಟ್ಟಿಗೋಧಿಯ ರವೆಗೆ ಬರಿಯ ನೀರು ಹಾಕಿ ನಾದಿ, ಹೆಬ್ಬೆರಳಿನಿಂದೊತ್ತಿ ಕಿವಿಯಾಕಾರದ ಒರೆಕ್ಯೆತ್ತೆಯನ್ನು ಮಾಡುವರು. ನಮ್ಮ ಹೆಂಗಸರು ಮದುವೆಗೆಂದು ಬೆರಳ ತುದಿಯಲ್ಲಿ ಹೊಸೆಯುವ ಗೌಲಿಗೂ ಇದಕ್ಕೂ ಕೈಚಳಕ ಒಂದೇ. ನೇಪಲ್ಸ್ ಬಳಿಯ ಗ್ರಾನ್ಯಾನೊ ಊರು ಬೆಟ್ಟದ ಗಾಳಿಯೂ ಕಡಲ ಗಾಳಿಯೂ ಕೂಡುವ ಸ್ಥಳವಾದುದರಿಂದ ಒಣ ಪಾಸ್ತಕ್ಕೆ ಹೆಸರಾಯಿತು. ಚೀನದಿಂದ ಮಾರ್ಕೋ ಪೋಲೋ ಇದನ್ನು ತಂದನೆಂಬ ಕಥೆ ನಂಬತಕ್ಕದ್ದಲ್ಲ. ಅವನು ಹುಟ್ಟುವುದಕ್ಕೆ ನೂರು ವರ್ಷ ಹಿಂದೆಯೇ, 1154ರಲ್ಲಿ, ಅಲ್ ಇದ್ರೀಸಿಯು ಸಿಸಿಲಿಯ ತ್ರಾಬಿಯಾದಲ್ಲಿ ಎಳೆ ಪಾಸ್ತ ತಯಾರಾಗಿ ಹಡಗುಗಳಲ್ಲಿ ಹೊರದೇಶಕ್ಕೆ ಹೋಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಟಲಿಯಲ್ಲಿ ತಯಾರಾಗುವ ಒಣ ಪಾಸ್ತಕ್ಕೆ ಗಟ್ಟಿಗೋಧಿಯ ರವೆಯನ್ನೇ ಉಪಯೋಗಿಸತಕ್ಕದ್ದೆಂದು 1967ರ ಕಾನೂನು ವಿಧಿಸಿತು.

ಭೂಮಾಲೀಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಪೂಲ್ಯಾದ ಜಮೀನುದಾರರಾದ ರಾಫಾಯೆಲೆ ಕಪ್ಪೆಲ್ಲಿಯವರು ಫೊಜ್ಜಾದಲ್ಲಿ ತಮ್ಮ ಹೊಲಗಳನ್ನು ನಜರೇನೊ ಸ್ತ್ರಂಪೆಲ್ಲಿಯವರ ಬೀಜಪ್ರಯೋಗಗಳಿಗೆ ಬಿಟ್ಟುಕೊಟ್ಟರು. 1915ರಲ್ಲಿ ಹೊರಬಂದ ಗಟ್ಟಿಗೋಧಿಯ ತಳಿಗೆ ಅವರ ಹೆಸರನ್ನೇ ಇಡಲಾಯಿತು. ಅದು ದಕ್ಷಿಣ ಇಟಲಿಯ ಹೊಲಗಳಲ್ಲಿ ದಶಕಗಳ ಕಾಲ ನೆಲೆಸಿತು.

ನಮ್ಮಲ್ಲಿ 1953ರಿಂದೀಚೆಗೆ ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಮಾನ್ವಿಯ ಕಡೆಗೂ, ಅನಂತರ ನಾರಾಯಣಪುರದ ಬಲದಂಡೆ ಕಾಲುವೆಯಿಂದ ದೇವದುರ್ಗಕ್ಕೂ ನೀರು ಬಂದು, ಭತ್ತವು ಹಿಂಗಾರಿ ಪೈರುಗಳ ಸ್ಥಾನವನ್ನಾಕ್ರಮಿಸಿತು. ಭತ್ತದ ಆದಾಯವನ್ನು ಬಿಟ್ಟು ಶ್ಯಾವಿಗೆಗಾಗಿ ಗೋಧಿ ಬಿತ್ತಿರೆಂದು ಹೇಳುವುದು ಯುಕ್ತವಲ್ಲ. ಆದರೆ ಕಾಲುವೆಯ ತುದಿಭಾಗದ ಹಳ್ಳಿಗಳಲ್ಲಿ ಎರಡನೆಯ ಭತ್ತಕ್ಕೆ ನೀರು ತಲುಪುವುದೇ ಸಂದೇಹವಾದಾಗ, ಗದ್ದೆಯಲ್ಲಿ ನೀರು ನಿಲ್ಲಿಸುವ ಅಗತ್ಯವಿಲ್ಲದ ಗೋಧಿಯು ಉತ್ತಮ. ಚೌಳು ನೆಲವನ್ನು ಮಾತ್ರ ವರ್ಜಿಸಬೇಕು; ಗಟ್ಟಿಗೋಧಿಯು ಚೌಳನ್ನು ತಾಳದು.

ಮಳೆಯಾಶ್ರಯದಲ್ಲಿ ಅಕ್ಟೋಬರ್ ತಿಂಗಳ ಉತ್ತರಾರ್ಧದಲ್ಲಿಯೂ, ನೀರಾವರಿಯಲ್ಲಿ ನವೆಂಬರ್ ಪೂರ್ವಾರ್ಧದಲ್ಲಿಯೂ ಬಿತ್ತತಕ್ಕದ್ದು. ರಾಯಚೂರು ಸೀಮೆಯ ಚಳಿಗಾಲ ಅಲ್ಪವಾದುದರಿಂದ, ತಡವಾದ ಪೈರಿನ ಕಾಳು ಬಿಸಿಲಿಗೆ ಸಿಕ್ಕಿ ಮುರುಟುವುದು. ಬಿತ್ತಿದ ಮೂರು ವಾರಕ್ಕೆ ಕೊಡುವ ನೀರನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಸಾರಜನಕ ಸಾಲದಿದ್ದರೆ ಕಾಳಿನಲ್ಲಿ ಬಿಳಿಯ ಹಿಟ್ಟುಮಚ್ಚೆಗಳು ಮೂಡಿ ರವೆ ಕೆಡುತ್ತದೆ. ಕೆಲವು ಕಾಳುಗಳನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಇದು ತಿಳಿದುಬರುವುದು. ಸದಕವು ತುಕ್ಕುರೋಗವನ್ನೂ ಸೆಕೆಯನ್ನೂ ಮೆಚ್ಚತಕ್ಕ ಮಟ್ಟಿಗೆ ತಡೆಯುತ್ತದೆ. ಅದರ ಹಳೆಯ ತಳಿಗಳು ಎತ್ತರವಾಗಿ ಬೆಳೆದು ನೆಲಕ್ಕೊರಗುತ್ತಿದ್ದುದರಿಂದ, ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಎಂಬ ಗಿಡ್ಡ ತಳಿಗಳನ್ನು ಹೊರತಂದಿದ್ದಾರೆ.

ಗೋಧಿಯು ಸ್ವಪರಾಗಸ್ಪರ್ಶದ ಪೈರಾದುದರಿಂದ ರೈತನು ತನ್ನ ಬೀಜವನ್ನು ತಾನೇ ಇಟ್ಟುಕೊಳ್ಳಬಹುದು. ತೆನೆ ಬಲಿಯುವ ಮೊದಲು ಹೊಲದಲ್ಲಿ ನಡೆದಾಡಿ ಅನ್ಯಜಾತಿಯ ತೆನೆಗಳನ್ನು ಕಿತ್ತೆಸೆದು, ಒಕ್ಕುವ ಮುನ್ನ ಕಣವನ್ನೂ ಯಂತ್ರವನ್ನೂ ಶುಚಿಮಾಡಿ, ಬೀಜದ ಚೀಲವನ್ನು ಮೆದುಗೋಧಿಯ ಚೀಲಗಳಿಂದ ಬೇರೆಯಾಗಿಡತಕ್ಕದ್ದು.