ಪರೀಕ್ಷಾಪ್ರಬಂಧದಲ್ಲಿ ಕ್ರಿಯಾಪಾದ

ವ್ಯವಹಾರಕ್ಕೆ ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂಬ ನಾಲ್ಕು ಪಾದಗಳುಂಟೆಂದು ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನವಾದ ಮಿತಾಕ್ಷರೆಯು ವಿವರಿಸುತ್ತದೆ. ವಾದಿಯ ಬಿನ್ನಹವು ಭಾಷೆ; ಪ್ರತಿವಾದಿಯ ಮಾತು ಉತ್ತರ; ಪ್ರಮಾಣವನ್ನು ಮುಂದಿಡುವುದು ಕ್ರಿಯೆ; ಅದರ ಫಲವೇ ಸಾಧ್ಯಸಿದ್ಧಿ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ವಿಜ್ಞಾನೇಶ್ವರನು ಇದನ್ನು ರಚಿಸಿದನು; ಹಾವೇರಿ, ರಾಣೆಬೆನ್ನೂರುಗಳ ಸೀಮೆಯೂ ಆಗ ಆ ಅರಸನದೇ. ಈ ಸೀಮೆಯಲ್ಲಿ ಇಂದು ಕಾನೂನನ್ನು ಓದುವವನ ಪ್ರಬಂಧವೂ ಕುಂಟುವುದಾದರೆ ಬಹುಮಟ್ಟಿಗೆ ಮೂರನೆಯ ಪಾದದಲ್ಲಿಯೇ.

ಒಂದು ನಿದರ್ಶನವನ್ನು ನೋಡಬಹುದು. ತನ್ನ ಭೂಮಿಯನ್ನು ಪರನು ಅನುಭವಿಸುತ್ತಿರಲು ಕಂಡೂ ಸುಮ್ಮನಿದ್ದವನಿಗೆ ಇಪ್ಪತ್ತು ವರ್ಷಗಳಲ್ಲಿ ಹಾನಿಯೊದಗುವುದೆಂದು ಯಾಜ್ಞವಲ್ಕ್ಯನ ಮತ. ಪ್ರತಿಕೂಲ ಸ್ವಾಧೀನದಿಂದ ಒಡೆತನ ನಾಶವಾಗುವುದು ಪ್ರಾಚೀನರಿಗೂ ಸಮ್ಮತವೆಂದು ಸಾಧಿಸಲು ವಿದ್ಯಾರ್ಥಿಯು ಈ ವಚನವನ್ನು ಉದಾಹರಿಸಿದನೆನ್ನೋಣ. ಹಾನಿಯು ಫಲಕ್ಕೇ ಹೊರತು ಭೂಮಿಗಲ್ಲವೆಂದು ವಿಜ್ಞಾನೇಶ್ವರನು ಅರ್ಥಮಾಡಿರುವುದರಿಂದ, ವಚನವು ನಿಜವಾದರೂ ಸಾಧ್ಯವು ಸಿದ್ಧಿಸದು. ಅದನ್ನೇ ೧೯೬೩ರ ಲಿಮಿಟೇಷನ್ ಕಾಯಿದೆಯೆದುರು ನಿಲ್ಲಿಸಿ, ಅಲ್ಲಿ ಹನ್ನೆರಡು ವರ್ಷಗಳ ಅವಧಿ ಕಳೆದರೆ ೨೭ನೆಯ ಕಲಮಿನಂತೆ ಒಡೆತನವೇ ಅಳಿಯುವುದೆಂಬ ಭೇದವನ್ನು ತೋರಿಸಿದರೆ ಆಗ ಅದು ಪ್ರಮಾಣವೆನಿಸುವುದು. ಶೋಭೆಗಾಗಿ ತಂದ ಉದ್ಧರಣೆಯನ್ನು ಮೆಚ್ಚಿ ಅಂಕವಿಡುವ ಸಾಹಿತ್ಯೋಪಾಧ್ಯಾಯರೂ ಈ ಭೇದವನ್ನು ಗಮನಿಸತಕ್ಕದ್ದು.

ಲಿಖಿತಪ್ರಮಾಣದಲ್ಲಿಯೂ ಹೀಗೆಯೇ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲನೊಬ್ಬನು ಮುಂಗಡದ ಹಣಕ್ಕಾಗಿ ರೈತನ ಮೇಲೆ ದಾವೆ ಹೂಡಿ, ತನ್ನ ಕಿರ್ದಿ ಖಾತೆಗಳನ್ನಷ್ಟೇ ಹಾಜರುಪಡಿಸಿದನೆಂದು ಪ್ರಶ್ನೆಯಲ್ಲಿ ಕಲ್ಪಿಸಿರಲಿ. ಕ್ರಮವಾಗಿ ಬರೆದ ಲೆಕ್ಕವು ಪ್ರಸ್ತುತವೇ ಆದರೂ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದೆಂಬುದು ೧೮೭೨ರ ಕಾಯಿದೆಯ ೩೪ನೆಯ ಕಲಮು. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ೨೮ನೆಯದು. ಕಲಮಿನ ಸಂಖ್ಯೆಯು ಸಾಕ್ಷಿದಾರನ ಹೆಸರಿನಂತೆ, ಸಾಕ್ಷ್ಯವಲ್ಲ. ಲೆಕ್ಕವನ್ನು ದಿನದಿನವೂ ಬರೆಯಲಾಗಿತ್ತೇ, ರೈತನ ಸಹಿಯುಳ್ಳ ರಸೀದಿಯುಂಟೇ, ಹಣ ಕೊಟ್ಟುದನ್ನು ಕಂಡವರುಂಟೇ ಎಂದು ಪ್ರಶ್ನೆಯ ಸಂಗತಿಗಳಿಗೇ ಹಚ್ಚಿ ನೋಡಬೇಕು.

ಅದಕ್ಕೂ ಮೊದಲು ರೈತನ ಉತ್ತರವನ್ನು ಓದಬೇಕು. "ಪಡೆದೇ ಇಲ್ಲ"ವೆಂದರೆ ಅದು ಮಿಥ್ಯೋತ್ತರ. ಕ್ರಿಯೆಯು ದಲಾಲನ ಪಾಲಿನದು. "ಪಡೆದೆನು, ಆದರೆ ತೀರಿಸಿದೆನು" ಎಂದರೆ ಅದು ಪ್ರತ್ಯವಸ್ಕಂದನ. ಕ್ರಿಯೆಯು ರೈತನಿಗೆ ಸಲ್ಲುವುದು. ಸಾಲವನ್ನು ಒಪ್ಪಿಯಾದ ಮೇಲೆ ಖಾತೆಯ ಕೊರತೆಯನ್ನು ಕುರಿತು ಪುಟಗಟ್ಟಲೆ ಬರೆದರೂ ವ್ಯರ್ಥ. ಪ್ರಶ್ನೆ ರಚಿಸುವವರು ಇಂಥ ಒಪ್ಪಿಗೆಯನ್ನು ಕೊನೆಯ ಸಾಲಿನಲ್ಲಿ ಅಡಗಿಸಿಡುವುದೂ ಉಂಟು.